ದುಃಖೀ ಸಂಸಾರದ ಯಜಮಾನ

ಈ ದೇಶದ ಜನಸಂಖ್ಯೆ ಹೆಚ್ಚಿಸಿದ ಅಪವಾದ ಯಾರ ಮೇಲಾದರೂ ಬರಲಿ, ನನ್ನ ಮೇಲೆ ಬರಬಾರದಿತ್ತು. ನಾನು, ನನ್ನ ಹೆಂಡತಿ ಬಸವಲಿಂಗಮ್ಮ, ಒಬ್ಬಳೇ ಮಗಳು. ಸರ್ಕಾರ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಯುವ ಮೊದಲೇ ನಾವು ಊಟಕ್ಕೆ ತ್ರಿಕೋನವಾಗಿ ಕೂರುತ್ತಿದ್ದೆವು.

ಆದರೆ ನಮ್ಮ ಬಾಡಿಗೆ ಮನೆ ಹಾಸನದ ಬಸ್‌ಸ್ಟ್ಯಾಂಡಿಗೆ ಹತ್ತಿರ. ಜನಸಂಖ್ಯೆ ಹೆರಿಗೆಯಿಂದ ಬೆಳೆಯುತ್ತದೆಂದು ದಿಲ್ಲಿಯವರು ತಿಳಿದಿದ್ದಾರೆ. ನಮ್ಮಲ್ಲಿ ಅದು ಬಸ್ಸಿನಿಂದ ಇಳಿಯುತ್ತಿತ್ತು. ಮೊದಲು ಹಿರೀಸಾವೆಯ ನನ್ನ ಭಾವಮೈದ ಚನ್ನಪ್ಪ ತನ್ನ ಹುಡುಗರನ್ನು ಹೈಸ್ಕೂಲಿಗೆಂದು ತಂದುಬಿಟ್ಟ. ಅವರ ಹಿಂದೆ ಹೊಳೆನರಸೀಪುರದಿಂದ ನನ್ನ ಅಕ್ಕನ ಮಕ್ಕಳು, ಅವರ ಹಿಂದೆ ಅರಕಲಗೂಡಿನ ದೊಡ್ಡಮ್ಮನ ಮೊಮ್ಮಕ್ಕಳು. ನಾನು ಸಂತಾನ ನಿಯಂತ್ರಣ ಮಾಡಿದ್ದೆ. ಸಂಬಂಧ ನಿಯಂತ್ರಣಕ್ಕೆ ಯಾವ ಆಸ್ಪತ್ರೆಯಲ್ಲೂ ಚಿಕಿತ್ಸೆಯಿರಲಿಲ್ಲ.

ಅಮೆರಿಕದಿಂದ ಹಡಗು ಬಂದರೆ ರೇಷನ್ ಅಂಗಡಿಗೆ ಗೋಧಿ ಬರುತ್ತಿದ್ದ ಕಾಲ ಅದು.

"ನೋಡೇ, ದೇಶದ ಭೂಮಿ ಇದ್ದಷ್ಟೇ ಇದೆ, ಉಣ್ಣೋ ಬಾಯಿ ಮಾತ್ರ ಹೆಚ್ಚುತ್ತಿವೆ," ಎಂದೆ ಒಂದು ದಿನ, ಇನ್ನೊಂದು ಮುದ್ದೆಗೆ ಕೈ ಚಾಚುತ್ತಾ.

"ಭೂಮಿ ಅಂಗಿರ್ಲಿ, ಪಾತ್ರೇನೂ ಇದ್ದಷ್ಟೇ ಅದೆ. ಅದು ಚನ್ನಪ್ಪನ ಕಿರಿಮಗನ ಮುದ್ದೆ, ಕೈ ತಗೀರಿ," ಎಂದಳು.

"ಇವರನ್ನೆಲ್ಲ ಊರಿಗೆ ಕಳಿಸಿದರೆ?"

"ಕಳ್ಸಾಣ. ನಿಮ್ಮಕ್ಕನ ಮಕ್ಳಿಂದ ಸುರು ಮಾಡ್ಲಾ?"

ಅಲ್ಲಿಗೆ ನಮ್ಮ ಮನೆಯ ಯೋಜನಾ ಆಯೋಗ ವಿಸರ್ಜನೆಯಾಯಿತು.

ನಾನು ಗುಮಾಸ್ತನಾಗಿದ್ದದ್ದು ಕುಟುಂಬ ಯೋಜನೆಯ ಕಚೇರಿಯಲ್ಲೇ. ನಮ್ಮ ಅಧಿಕಾರಿ ಚಲುವಯ್ಯನವರು ಮಿತ ಸಂತಾನದ ಬಗ್ಗೆ ಮಾತಾಡಲು ನಿಂತರೆ ಕಲ್ಲೂ ಸನ್ಯಾಸ ತೆಗೆದುಕೊಳ್ಳಬೇಕು. (ಅವರಿಗೆ ಎಂಟು ಮಕ್ಕಳು. "ಇಲಾಖೆಗೆ ಬರೋಕೆ ಮುಂಚಿನ ಮಾತು" ಎನ್ನುತ್ತಿದ್ದರು. ಎಂಟನೆಯದರ ನಾಮಕರಣಕ್ಕೆ ರಜೆ ಹಾಕಿದ್ದು ಮಾತ್ರ ಇಲಾಖೆಗೆ ಬಂದ ಮೇಲೆ.) ದಿಲ್ಲಿಯಿಂದ ಬರುತ್ತಿದ್ದ ಪೋಸ್ಟರುಗಳಲ್ಲಿ ಬಲಕ್ಕೆ ಸೆರಗು ಹೊದ್ದ ಹೆಂಗಸರನ್ನು ನೋಡಿ ಹಳ್ಳಿಯವರು, "ಇದ್ಯಾವ್ದೋ ಸೇಟುಗಳ ಪೈಕಿ, ನಮಗಲ್ಲ ಕಣ್ಲಾ" ಎಂದು ಹೋಗಿಬಿಡುತ್ತಿದ್ದರು. ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು.

"ನಮ್ಮ ಜಿಲ್ಲೆಯ ಸಂಸಾರವನ್ನೇ ಫೋಟೋ ಹಿಡಿದು ಅಚ್ಚು ಹಾಕಿಸೋಣ ಸಾರ್. ಉದಾಹರಣೆಗೆ, ನನ್ನದು," ಎಂದೆ. ಹೆಡ್‌ಗುಮಾಸ್ತನ ಕುರ್ಚಿ ಆಗ ಖಾಲಿಯಿತ್ತು.

ಚಲುವಯ್ಯನವರು ಒಪ್ಪಿದರು. ಭಾನುವಾರ ಬೆಳಿಗ್ಗೆ ಫೋಟೋದವನು ಬಂದ. ನಾನು ಹುಡುಗರನ್ನೆಲ್ಲ ರೇಷನ್ ಕ್ಯೂಗೆ ಅಟ್ಟಿ, ಮದುವೆಯ ಕೋಟು ತೊಟ್ಟು, ಹೆಂಡತಿ ಮಗಳ ನಡುವೆ ಸುಖವಾಗಿ ನಿಂತೆ. ಫೋಟೋ ಆಯಿತು. ಅಷ್ಟರಲ್ಲಿ ಗೋಧಿಯ ಚೀಲ ಹೊತ್ತು ಇಡೀ ಸೈನ್ಯ ಹಿಂದಿರುಗಿತು; ಅಂಗಡಿಯವನಿಗೂ ಅವರನ್ನು ಬೇಗ ಸಾಗಹಾಕಬೇಕಿತ್ತೋ ಏನೋ.

"ಅಪ್ಪಾ, ಮಕ್ಳೆಲ್ಲ ಇರೋವಂಥದು ಒಂದು ತಗಿ. ಊರಿಗೆ ಕಳ್ಸಿದ್ರೆ ಅವ್ರ ಅವ್ವಂದಿರು ನೋಡ್ಕತಾರೆ," ಎಂದಳು ನನ್ನವಳು ಫೋಟೋದವನಿಗೆ.

"ಇದು ಸರ್ಕಾರದ ಫಿಲಮ್ಮು ಕಣೇ," ಎಂದೆ.

"ಮಕ್ಳೇನು ಇಂಗ್ಲೆಂಡಿನವಾ?"

ಹುಡುಗರು ನನ್ನ ಸುತ್ತ, ಮೇಲೆ, ಕಾಲಡಿ ತುಂಬಿಕೊಂಡರು. ಒಬ್ಬ ಕೋಟಿನ ಜೇಬಿಗೆ ಕೈ ಹಾಕಿದ್ದ, ಒಬ್ಬ ನನ್ನ ಪಾದ ತುಳಿದಿದ್ದ. ಹಾಳಾಗುತ್ತಿರುವ ರಾಷ್ಟ್ರೀಯ ಸಂಪತ್ತನ್ನು ನೆನೆದು ನಾನು ಮುಖ ಹಿಂಡಿಕೊಂಡೆ. ಆ ಕ್ಷಣದಲ್ಲೇ ಫೋಟೋದವನು ಗುಂಡಿ ಒತ್ತಿದ.

ತಿಂಗಳ ಮೇಲೆ ಪೋಸ್ಟರು ಬಂತು. ಎಡಗಡೆ 'ಚಿಕ್ಕ ಸಂಸಾರ, ಸುಖೀ ಸಂಸಾರ': ಚಲುವಯ್ಯನವರು, ಅವರ ಶ್ರೀಮತಿ, ಎಂಟರಲ್ಲಿ ಆರಿಸಿದ ಎರಡು ಮಕ್ಕಳು. ಬಲಗಡೆ 'ದೊಡ್ಡ ಸಂಸಾರ, ದುಃಖೀ ಸಂಸಾರ': ನಾನು.

ಚಲುವಯ್ಯನವರ ಮುಂದೆ ಹೋಗಿ ನಿಂತೆ. "ಸಾರ್, ನನಗಿರೋದು ಒಂದೇ ಮಗು."

"ಅದೇ ತೊಂದರೆ ಕಣ್ರೀ. ಒಂದೇ ಮಗು ತೋರಿಸಿದ್ರೆ ನಮ್ಮ ಜನ ಅಯ್ಯೋ ಪಾಪ ಅಂತಾರೆ, ಸರ್ಕಾರದ ನೀತಿ ಕೆಡುತ್ತೆ. ಅದೂ ಅಲ್ಲದೆ ನಿಮ್ಮ ಮುಖದಲ್ಲಿರೋ ಸಂಕಟ ಯಾವ ನಟನಿಗೂ ಬರೋಲ್ಲ. ದೇಶಸೇವೆ ಅಂದ್ಕೊಳ್ಳಿ."

ಹಿರೀಸಾವೆಯ ಹೋಟೆಲಿನಿಂದ ಮಲ್ಲಿಪಟ್ಟಣದ ಅರಳಿಕಟ್ಟೆಯವರೆಗೆ ನನ್ನ ಸಂಕಟವನ್ನು ಮೈದಾಹಿಟ್ಟಿನ ಅಂಟಿನಲ್ಲಿ ಮೆತ್ತಿದರು. ಕಚೇರಿಯ ಜವಾನನೂ ನನ್ನನ್ನು ಕರುಣೆಯಿಂದ ನೋಡತೊಡಗಿದ. ಹೆಡ್‌ಗುಮಾಸ್ತನ ಕುರ್ಚಿ ಇನ್ನೊಬ್ಬನಿಗೆ ಹೋಯಿತು. ಇಲಾಖೆಯ ಮರ್ಯಾದೆಗೆ ನನ್ನ ಮುಖ ಹೊಂದುವುದಿಲ್ಲವಂತೆ. ಬಸವಲಿಂಗಮ್ಮ ಮಾತ್ರ ಪೋಸ್ಟರನ್ನು ನಡುಮನೆಯಲ್ಲಿ ಅಂಟಿಸಿ, "ಸೀರೆ ಅಂಚು ಚೆಂದಾಗಿ ಬಂದದೆ," ಎಂದಳು.

ಶಾಲೆ ತೆರೆಯುವ ವಾರ ಬಾಗಿಲಲ್ಲಿ ಒಬ್ಬ ಅಪರಿಚಿತ ರೈತ ನಿಂತಿದ್ದ. ಜೊತೆಗೆ ಇಬ್ಬರು ಹುಡುಗರು, ಒಂದು ಟ್ರಂಕು.

"ಮಲ್ಲಿಪಟ್ಟಣದ ಗುಂಡಯ್ಯ ಸಾ. ನಿಮ್ಮ ಪಟ ಕಟ್ಟೆ ಹತ್ರ ನೋಡ್ದೆ. ಕಂಡಕ್ಟ್ರು ಮನೆ ತೋರ್ಸ್ದ."

"ಪಟದಲ್ಲಿ ಏನು ಬರೆದಿದೆ, ಓದಿದೆಯೇನಪ್ಪ?"

"ನಂಗೆಲ್ಲಿ ಓದಾಕೆ ಬತ್ತದೆ ಸಾ. ಅಷ್ಟು ಹುಡ್ಗುರ್ನ ಮಡೀಕಂಡು ನೀವು ಕೋಟು ಹಾಕ್ಕಂಡು ನಿಂತಿದ್ರಲ್ಲ, ಗೊತ್ತಾಯ್ತು. ಸರ್ಕಾರದ ಫ್ರೀ ಹಾಸ್ಟೆಲ್ಲು, ನೀವು ವಾರ್ಡನ್ನು. ಆ ಎಡಗಡೆ ನಗ್ತಾ ಇರೋ ಸಾಹೇಬ್ರು ದುಡ್ಡು ಕೊಟ್ಟ ದಾನಿಗಳು, ಅಲ್ವರಾ?"

ದೇಶದ ಸಂಪನ್ಮೂಲ, ಬೆಳೆಯುವ ಜನಸಂಖ್ಯೆ, ಸರ್ಕಾರದ ನೀತಿ, ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಬಸವಲಿಂಗಮ್ಮ ಒಳಗಿನಿಂದ ಬಂದು ಹುಡುಗರ ಮುಖ ನೋಡಿದಳು.

"ಯಾವಾಗ ಉಂಡಿದ್ರೋ ಏನೋ. ಕೈಕಾಲು ತೊಳ್ಕಳ್ರಪ್ಪ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ವಾರ್ಡನ್ ಸಾಹೇಬ್ರೆ, ಆ ಟ್ರಂಕು ಎತ್ಕಂಡು ಬನ್ನಿ."

ಎತ್ತಿಕೊಂಡು ಹೋದೆ.