ಕಾರ್ಬನ್ ಸೈಕಲ್ಲಿಗೆ ಬಿದ್ದ ತ್ಯಾಪೆ

ಚಿಂತೆ ಮಾಡುವುದರಲ್ಲಿ ನನ್ನ ಕೈ ಪಳಗಿದೆ. ಹಾಲು ಕಾಯಲಿಟ್ಟರೆ ಉಕ್ಕೀತೆಂದು ಚಿಂತೆ. ಬಹಳ ಹೊತ್ತು ಉಕ್ಕದಿದ್ದರೆ ಒಡೆದೇ ಹೋಯಿತೇನೋ ಎಂದು ಚಿಂತೆ. ಹಪ್ಪಳ ಹರವಿದಾಗ ಮೋಡ ಬಂದರೆ, ಮಾಳಿಗೆಯ ಮೇಲೆ ಬೆಕ್ಕು ಓಡಿದರೆ, ಬಾಜೂ ಮನೆಯವರು ಎಂದಿಗಿಂತ ಬೇಗ ಬಾಗಿಲು ಹಾಕಿದರೆ, ಎಲ್ಲಕ್ಕೂ ನನ್ನ ಬಳಿ ಅಳತೆಗೆ ತಕ್ಕ ಚಿಂತೆ ತಯಾರಿರುತ್ತದೆ. ಆದರೆ ಸೈಕಲ್ಲಿನ ಒಂದು ಕೊಳವೆಗಾಗಿ ನಿದ್ದೆಗೆಡುವ ಕಾಲ ಬಂದೀತೆಂದು ಮಾತ್ರ ನಾನೂ ಎಣಿಸಿರಲಿಲ್ಲ.

ನಮ್ಮ ಮಗಳು ಭಾಗ್ಯಾ ಸೈಕಲ್ ರೇಸಿನವಳು. ನಮ್ಮ ಕಡೆ ಇದೇನೂ ವಿಶೇಷವಲ್ಲ. ಬೆಳಿಗ್ಗೆ ಸಿಂದಗಿಯಿಂದ ಯಾವ ರಸ್ತೆ ಹಿಡಿದರೂ ಹೆಲ್ಮೆಟ್ ಹಾಕಿ ಬಗ್ಗಿ ಕುಳಿತ ಮಕ್ಕಳು ಎದುರಾಗುತ್ತಾರೆ. ವಿಶೇಷವೆಂದರೆ ಅವಳ ಸೈಕಲ್ಲು. ಹಿರಿಯ ಸವಾರಳೊಬ್ಬಳು ಬಳಸಿ ಬಿಟ್ಟಿದ್ದನ್ನು ಕೊಂಡದ್ದು, ಕಾರ್ಬನ್ ಫೈಬರಿನದು. ಚಕ್ರ, ಹ್ಯಾಂಡಲ್ ಎಲ್ಲ ಬಿಚ್ಚಿದರೆ ಉಳಿಯುವ ಫ್ರೇಮು ನೀರು ತುಂಬಿದ ತಂಬಿಗೆಯಷ್ಟೇ ತೂಗುತ್ತದೆ. ಇಷ್ಟು ಹಗುರಾದದ್ದು ಬೆಳೆದ ಹುಡುಗಿಯನ್ನು ಹೊತ್ತೀತೇ ಎಂಬುದು ನನ್ನ ಮೊದಲ ಚಿಂತೆಯಾಗಿತ್ತು. ಹೊತ್ತಿತು. ಅದಕ್ಕೆ ಕಷ್ಟ ಬಂದದ್ದು ಮಗಳಿಂದಲ್ಲ, ಅಪ್ಪನಿಂದ.

ನಮ್ಮವರು ಹಗ್ಗ ಬಿಗಿಯುವುದರಲ್ಲಿ ಹೆಸರಾದವರು. ಯಂಕಂಚಿಯ ಹೊಲದಿಂದ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ಎಷ್ಟು ಕುಲುಕಿದರೂ ಒಂದು ದಂಟು ಕೆಳಗೆ ಬೀಳಬಾರದೆಂದರೆ ಜನ ಇವರನ್ನೇ ಕರೆಯುತ್ತಾರೆ. ಹಗ್ಗ ಸುತ್ತಿ, ನಡುವೆ ಒಂದು ಕೋಲು ಸಿಕ್ಕಿಸಿ, ಹೇರು ನರಳುವವರೆಗೆ ತಿರುವುತ್ತಾರೆ. ನಿಡಗುಂದಿಯ ನನ್ನ ತಂಗಿಯ ಮನೆಯಿಂದ ಮರಳುವಾಗ ಸೈಕಲ್ಲನ್ನು ಬಾಡಿಗೆ ಜೀಪಿನ ಟಾಪಿನ ಮೇಲೇರಿಸಿದ್ದೆವು. ಭಾಗ್ಯಾ ಒಳಗೆ ಚಹಾ ಕುಡಿಯುತ್ತಿದ್ದಾಗ ಇವರು ಅದಕ್ಕೂ ಕೋಲು ಹಾಕಿ ತಿರುವಿದರು. "ನೋಡು, ಈಗ ಗಾಡಿ ಪಲ್ಟಿ ಹೊಡದ್ರೂ ಸೈಕಲ್ಲಿಗೆ ಏನೂ ಆಗಂಗಿಲ್ಲ" ಎಂದರು. ಗಾಡಿಯೊಳಗೆ ನಾವೂ ಇರುತ್ತೇವೆಂಬುದು ಅವರ ಧ್ಯಾನದಲ್ಲಿರಲಿಲ್ಲ. ಬಸವನ ಬಾಗೇವಾಡಿ ದಾಟಿ, ಹೂವಿನ ಹಿಪ್ಪರಗಿಯ ಮೇಲೆ ಹಾಯ್ದು ಮನೆ ಮುಟ್ಟಿದಾಗ ಸೈಕಲ್ಲು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಕೋಲು ಒತ್ತಿದಲ್ಲಿ ಮೇಲಿನ ಕೊಳವೆ ಮಾತ್ರ ಕೂದಲೆಳೆಯಷ್ಟು ಸೀಳಿತ್ತು.

ಭಾಗ್ಯಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಮುಂದಿನ ತಿಂಗಳ ಬಿಜಾಪುರದಾಗ ಆಯ್ಕಿ ಐತಿ, ಯಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋದಳು. ರಾಜ್ಯದ ತಂಡಕ್ಕೆ ಆರಿಸುವ ಓಟ ಅದು. ಈ ಸಲ ತಪ್ಪಿದರೆ ಅವಳ ವಯಸ್ಸಿನ ಗುಂಪು ಮುಗಿದು, ದೊಡ್ಡವರೊಂದಿಗೆ ಸೆಣಸಬೇಕು. ಇರುವುದು ಇದೊಂದೇ ಸೈಕಲ್ಲು. ಇವರು ಅಂದು ತಾಟಿನ ಮುಂದೆ ಕೂತು ರೊಟ್ಟಿಯನ್ನು ಚೂರು ಚೂರು ಮಾಡಿದರೇ ಹೊರತು ಬಾಯಿಗಿಡಲಿಲ್ಲ.

ಮರುದಿನ ನಾನು ಫ್ರೇಮನ್ನು ಕೂಸಿನಂತೆ ಸೊಂಟಕ್ಕೆ ಆನಿಸಿಕೊಂಡು ಮಹಿಬೂಬಣ್ಣನ ವೆಲ್ಡಿಂಗ್ ಅಂಗಡಿಗೆ ಹೋದೆ. ನಮ್ಮ ಮನೆಯ ಗೇಟಿನಿಂದ ಹಿಡಿದು ತೊಟ್ಟಿಲಿನ ಕೊಂಡಿಯವರೆಗೆ ಎಲ್ಲಕ್ಕೂ ಬೆಸುಗೆ ಹಾಕಿದವನು ಅವನೇ. ಸೀಳನ್ನು ಉಗುರಿನಿಂದ ಕೆರೆದು ನೋಡಿದ.

"ವೈನಿ, ನೀವು ಅಂಗಡಿ ತಪ್ಪಿ ಬಂದೀರಿ."

"ಯಾಕಪ್ಪಾ?"

"ಒಳಗ ಎಳಿ ಎಳಿ ಕಾಣಾಕತ್ತೈತಿ ನೋಡ್ರಿ. ಇದು ಕಬ್ಬಣ ಅಲ್ರಿ, ಅರಿವಿ! ಬಾಜೂಕ ಟೇಲರ್ ಅದಾನ, ಅಲ್ಲಿ ಒಯ್ರಿ. ನಾ ಬೆಂಕಿ ಹಚ್ಚಿದ್ರ ನಿಮ್ಮ ಕೈಯಾಗ ಬೂದಿ ಕೊಡಬೇಕಾಗ್ತೈತಿ."

ಕಡೆಗೆ ಭಾಗ್ಯಾಳ ಕೋಚ್ ಪುಣೆಯಲ್ಲಿ ಇಂಥದನ್ನು ರಿಪೇರಿ ಮಾಡುವ ಒಬ್ಬನನ್ನು ಹುಡುಕಿಕೊಟ್ಟರು. ಇವರು ಬಸ್ಸಿನಲ್ಲಿ ಅಷ್ಟು ದೂರವೂ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡೇ ಹೋದರು. ಮೇಲೆ ಕಟ್ಟೋಣವೆಂದ ಕಂಡಕ್ಟರನಿಗೆ, "ಕಟ್ಟೂದ ಬ್ಯಾಡ್ರಿ, ಕಟ್ಟೇ ಹಿಂಗಾಗೈತಿ" ಎಂದು ಕೈ ಮುಗಿದರಂತೆ. ಪುಣೆಯವನು ಸೀಳಿನ ಸುತ್ತ ಬಣ್ಣ ಉಜ್ಜಿ ತೆಗೆದು, ಕಪ್ಪು ನೇಯ್ಗೆಯ ಬಟ್ಟೆಯನ್ನು ಅಂಟಿನಲ್ಲಿ ತೋಯಿಸಿ ಪದರಿನ ಮೇಲೆ ಪದರು ಸುತ್ತಿ, ಕಾವು ಕೊಟ್ಟು ಗಟ್ಟಿ ಮಾಡಿ, ಮತ್ತೆ ಉಜ್ಜಿ ಬಣ್ಣ ಬಳಿದು ಕೊಟ್ಟ. ಇದು ಅರಿವೆಯೆಂದು ಮಹಿಬೂಬಣ್ಣ ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಯಿತು. "ಮೊದಲಿನಕಿಂತ ಗಟ್ಟಿ" ಎಂದು ಪುಣೆಯವನು ಹೇಳಿ ಕಳಿಸಿದನಂತೆ.

ನನ್ನನ್ನು ಕೆಡಿಸಿದ್ದು ಆ ಮಾತೇ. ಎಷ್ಟು ಕೌದಿ ಹೊಲಿದಿದ್ದೇನೆ! ಹಳೆಯ ಸೀರೆಗೆ ಹೊಸ ಬಟ್ಟೆಯ ತ್ಯಾಪೆ ಹಚ್ಚಿದರೆ ತ್ಯಾಪೆ ಎಂದೂ ಹರಿಯುವುದಿಲ್ಲ. ಅದರ ಪಕ್ಕದ ಜಾಗ ಹರಿಯುತ್ತದೆ. ಭಾಗ್ಯಾಳ ಕೈಯಿಂದ ಫೋನು ಕಸಿದುಕೊಂಡು, ಇದೂ ತ್ಯಾಪೆಯ ಪಕ್ಕದಲ್ಲಿ ಸೀಳೀತೇ ಎಂದು ಪುಣೆಯವನನ್ನು ಕೇಳಿಯೇಬಿಟ್ಟೆ. ಅವನು ಸೊಲ್ಲಾಪುರದ ಕಡೆಯವನು, ಕನ್ನಡ ಬಲ್ಲವನು.

"ಮಾವಶಿ, ಅದಕ್ಕ ಮ್ಯಾಲಿನ ಪದರು ಉದ್ದ ಉದ್ದ ಇಟ್ಟು ಅಂಚು ತೆಳ್ಳಗ ಮಾಡೇನ್ರಿ. ಅನುಮಾನ ಇದ್ರ ನಾಣ್ಯಾ ತಗೊಂಡು ಹಗೂರಕ ತಟ್ಟಿ ನೋಡ್ರಿ. ಸೀಳಿದ್ರ ಠಣ್ ಅನ್ನಂಗಿಲ್ಲ, ಬೊದ್ದ ಸಪ್ಪಳ ಬರ್ತೈತಿ."

ಇದನ್ನು ನನಗೆ ಹೇಳಬಾರದಿತ್ತು. ರೊಟ್ಟಿ ಬಡಿಯುವ ಮುಂಚೆ ಒಮ್ಮೆ ತಟ್ಟಿದೆ, ಬಡಿದಾದ ಮೇಲೆ ಹಿಟ್ಟಿನ ಕೈಯಲ್ಲೇ ಮತ್ತೊಮ್ಮೆ. ತ್ಯಾಪೆಯ ಮೇಲೆ ಒಂದು ಸಪ್ಪಳ, ಬಿಟ್ಟಲ್ಲಿ ಇನ್ನೊಂದು! ಮತ್ತೆ ಫೋನು. "ಅಲ್ಲಿ ದಪ್ಪ ಐತ್ರಿ ಮಾವಶಿ, ಅದಕ್ಕ ಬ್ಯಾರೆ ಸಪ್ಪಳ. ಹುಡುಗಿಗೆ ಸೈಕಲ್ ಹೊಡ್ಯಾಕ ಬಿಡ್ರಿ" ಎಂದ. ಭಾಗ್ಯಾ ನಾಣ್ಯ ಕಸಿದುಕೊಂಡಳು. "ಯವ್ವಾ, ಅಪ್ಪ ಕಟ್ಟಿ ಮುರದ, ನೀ ಬಡದು ಮುರೀತಿ. ನಾ ಯಾವಾಗ ಹೊಡೀಲಿ?"

ಆಯ್ಕೆಗೆ ಮುಂಚಿನ ರವಿವಾರ ಇಂಡಿ ರಸ್ತೆಯಲ್ಲಿ ಪರೀಕ್ಷೆ. ಅವಳು ಮುಂದೆ, ಮೋಟರ್‌ಸೈಕಲ್ಲಿನ ಮೇಲೆ ನಾವಿಬ್ಬರು ಹಿಂದೆ. ನಾನು ಇವರ ಹೆಗಲ ಮೇಲಿಂದ ಕುತ್ತಿಗೆ ಚಾಚಿ, ದಿಟ್ಟಿಯೆಲ್ಲ ಆ ಕೊಳವೆಯ ಮೇಲಿಟ್ಟಿದ್ದೆ. ಪ್ರತಿ ತಗ್ಗಿಗೂ ಕಣ್ಣು ಮುಚ್ಚುತ್ತಿದ್ದೆ, ತೆರೆದಾಗ ಅವಳು ಇನ್ನಷ್ಟು ದೂರವಿರುತ್ತಿದ್ದಳು. ಆಮೇಲೆ ಬಹಳವೇ ದೂರವಾದಳು. ನಮ್ಮ ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತ್ತು. ಇವರು ಟಾಕಿಯ ಮುಚ್ಚಳ ತೆಗೆದು ಒಳಗೆ ಇಣುಕಿದರು. "ಪೆಟ್ರೋಲ್ ಇಲ್ಲ" ಎಂದರು, ಅದು ನನ್ನದೇ ತಪ್ಪೆಂಬಂತೆ.

ಜಾಲಿಯ ನೆರಳಲ್ಲಿ ಕುಳಿತೆವು. ರಸ್ತೆ ಬಿಕೋ ಎನ್ನುತ್ತಿತ್ತು. ಕೊಳವೆ ಮುರಿದು ಅವಳು ಎಲ್ಲೋ ಬಿದ್ದಿರುವುದು ನನ್ನ ಕಣ್ಣಿಗೆ ಕಟ್ಟತೊಡಗಿತು. ಇವರು ಕೂಡದೆ, ನಿಲ್ಲದೆ, "ಗಟ್ಟಿ ಅಂದಾನಲ, ಗಟ್ಟಿ ಇರತೈತಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕಡೆಗೊಮ್ಮೆ ಬಿಸಿಲಲ್ಲಿ ಚುಕ್ಕೆಯೊಂದು ಕಂಡಿತು. ಭಾಗ್ಯಾ ಬಂದವಳೇ ಬ್ರೇಕು ಹಿಡಿದು ಚೀರಿದಳು: "ತಿರುಗಿ ನೋಡಿದ್ರ ನೀವಿಲ್ಲ! ಎಲ್ಲಿ ಬಿದ್ರೋ, ಏನಾತೋ ಅಂತ ನನ್ನ ಜೀವಾನ ಹೋಗಿತ್ತು!"

"ಸೈಕಲ್?" ಎಂದರು ಇವರು.

"ಸೈಕಲ್ಲಿಗೇನಾಗೈತಿ? ಗಾಳಿ ಹಂಗ ಹೊಂಟೈತಿ. ಬಾಟ್ಲಿ ಕೊಡ್ರಿ, ಪೆಟ್ರೋಲ್ ತರ್ತೇನಿ."

ನೀರಿನ ಬಾಟಲಿ ಖಾಲಿ ಮಾಡಿ ಕೊಟ್ಟೆವು. ಹೋದಳು, ಬಂದಳು, ಬರುವಾಗ ಬೆನ್ನ ಮೇಲಿನ ಕಿಸೆಯಲ್ಲಿ ಬಾಟಲಿ ಕುಣಿಯುತ್ತಿತ್ತು. ತಗ್ಗುಗಳ ಮೇಲೆಯೇ ಹಾರಿಸಿಕೊಂಡು ಬರುತ್ತಿದ್ದ ಅವಳನ್ನು ನೋಡಿ ಇವರು ಎಷ್ಟೋ ದಿನಗಳ ಮೇಲೆ ನಕ್ಕರು. ಆ ಕೊಳವೆಯ ಕಡೆ ನಾನು ಕಣ್ಣೆತ್ತಿಯೂ ನೋಡಲಿಲ್ಲವೆಂದರೆ ನೀವು ನಂಬಬೇಕು. ನನಗೆ ಪುರುಸೊತ್ತಾದರೂ ಎಲ್ಲಿತ್ತು? ಆ ಬಾಟಲಿಯ ಮುಚ್ಚಳವನ್ನು ಹುಡುಗಿ ಸರಿಯಾಗಿ ತಿರುವಿದ್ದಾಳೋ ಇಲ್ಲವೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.