ಮಡಿಕೇರಿ ಬಸ್ಸೂ ನಮ್ಮ ಸಂಸಾರವೂ

ಮಕ್ಕಳನ್ನು ಹೇಗೆ ಬೆಳೆಸಬೇಕೆಂಬುದು ಮಕ್ಕಳಿಲ್ಲದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಗಳು ಹುಟ್ಟಿದ ಮೇಲೂ ನನ್ನ ಆ ಜ್ಞಾನ ಕುಂದಲಿಲ್ಲ ಎಂಬುದೇ ನನ್ನ ವಿಶೇಷ. ಕೊಡಗು ಮೈಸೂರು ರಾಜ್ಯದೊಳಗೆ ಸೇರಿದ ಹೊಸತು. ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಸಂಜೆ ಹೋಟೆಲಿನ ಬೆಂಚಿನ ಮೇಲೆ ಕೂತು, ಕೂಡಿ ಬಾಳುವವರು ಹೇಗಿರಬೇಕೆಂದು ಸರಕಾರಕ್ಕೆ ಸಲಹೆ ಕೊಡುತ್ತಿದ್ದೆ. ಆಮೇಲೆ ಮನೆಗೆ ಬಂದು ಹೆಂಡತಿಯ ಜೊತೆ ಜಗಳವಾಡುತ್ತಿದ್ದೆ.

ಜಗಳಕ್ಕೆ ಇಂಥದೇ ಕಾರಣ ಬೇಕೆಂದಿರಲಿಲ್ಲ. ಸಾರಿನ ಉಪ್ಪು, ನಾನು ಒದ್ದೆ ಕೊಡೆ ಬಿಚ್ಚಿಟ್ಟ ಜಾಗ, ಅವಳ ಅಣ್ಣನ ಗತ್ತು, ಎಲ್ಲಿಂದ ಹೊರಟರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಬೆಳಿಗ್ಗೆಯೇ ಮಡಿಕೇರಿ ಬಸ್ಸು ಹತ್ತಿ ವಿರಾಜಪೇಟೆಯ ತವರಿಗೆ ಹೋಗುತ್ತೇನೆಂದು ಗಂಗೆ ಹೇಳುವಳು. ಕಿಟಕಿಯ ಪಕ್ಕ ಕೂತರೆ ತಲೆ ಸುತ್ತುವುದಿಲ್ಲವೆಂದು ನಾನು ಕಾಳಜಿ ತೋರುವೆನು. ಬೆಳಿಗ್ಗೆ ಬಸ್ಸು ತನ್ನ ಪಾಡಿಗೆ ಹೋಗುತ್ತಿತ್ತು. ಅವಳು ತನ್ನ ಪಾಡಿಗೆ ರೊಟ್ಟಿ ತಟ್ಟುತ್ತಿದ್ದಳು. ಒಂದನೇ ಕ್ಲಾಸಿನ ನಮ್ಮ ಮಗಳು ಲೀಲಾ ಮೂಲೆಯಲ್ಲಿ ಕೂತು ತಿನ್ನುತ್ತಿದ್ದಳು. ಅವಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂಬುದರಲ್ಲಿ ಗಂಡಹೆಂಡಿರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ನಾವು ಒಪ್ಪಿಕೊಂಡಿದ್ದ ವಿಷಯ ಅದೊಂದೇ.

ಒಂದು ದಿನ ಶಾಲೆಯ ಮೇಷ್ಟ್ರು ಹೇಳಿಕಳಿಸಿದರು. ಪಾಠದ ನಡುವೆ ಬಸ್ಸಿನ ಸದ್ದು ಕೇಳಿದರೆ ಸಾಕು, ಲೀಲಾ ಎದ್ದು ರಸ್ತೆಗೆ ಓಡುತ್ತಾಳಂತೆ. ಕಿಟಕಿ ಕಿಟಕಿಯಾಗಿ ಒಳಗೆ ನೋಡಿ, ಸುಮ್ಮನೆ ಬಂದು ಕೂರುತ್ತಾಳಂತೆ. ನನಗೆ ಹೆಮ್ಮೆಯೇ ಆಯಿತು. ಹುಡುಗಿಗೆ ಯಂತ್ರಗಳಲ್ಲಿ ಆಸಕ್ತಿಯಿದೆ, ಅದು ನಮ್ಮ ವಂಶದಲ್ಲೇ ಬಂದದ್ದು ಎಂದು ಮೇಷ್ಟ್ರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಮಗುವನ್ನೇ ಒಮ್ಮೆ ಕೇಳಿದ್ದೀರಾ ಎಂದರು. ಮಕ್ಕಳನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೂ ಮನೆಗೆ ಬರುವ ದಾರಿಯಲ್ಲಿ ಕೇಳಿದೆ.

"ಅವ್ವ ಬಸ್‌ಲಿ ಉಟ್ಟಾ ಹೇಳಿ ನೋಡ್ದು," ಎಂದಳು.

ಅವ್ವ ಬಸ್ಸಿನಲ್ಲಿ ಇದ್ದರೆ ಏನು ಮಾಡುತ್ತಿದ್ದೆ ಎಂದೆ.

"ನಾನೂ ಹತ್ತುದು. ಚೀಲಲಿ ಅಂಗಿ ಉಟ್ಟು."

ಚೀಲ ಬಿಚ್ಚಿದೆ. ಸ್ಲೇಟಿನ ಕೆಳಗೆ ಅವಳ ಹಬ್ಬದ ಅಂಗಿಯಿತ್ತು, ತನಗೆ ತಿಳಿದಂತೆ ಮಡಿಸಿಟ್ಟಿದ್ದಳು. ನನ್ನನ್ನೂ ಕರೆದೊಯ್ಯುವ ಆಲೋಚನೆ ಯಾರಿಗೂ ಇದ್ದಂತೆ ಕಾಣಲಿಲ್ಲ. ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಕಾಲು ನೋವೆಂದು ಮಗಳಿಗೆ ಹೇಳಿದೆ.

ವಿಷಯ ತಿಳಿದು ಗಂಗೆ ಒಲೆಯ ಮುಂದೆ ಕೂತು ಅತ್ತಳು. ಇನ್ನು ಮೇಲೆ ಜಗಳವೇ ಬೇಡವೆಂದು ತೀರ್ಮಾನಿಸಿದೆವು. ಅಂದಿನಿಂದ ಮನೆಯಲ್ಲಿ ಎಂಥ ಮರ್ಯಾದೆ! ಕಾಫಿ ಕೊಡಲೇ ಎಂದು ಅವಳು, ನಿನಗೆ ತೊಂದರೆಯಾಗದಿದ್ದರೆ ಕೊಡು ಎಂದು ನಾನು. ಉಪ್ಪಿಲ್ಲದ ಸಾರನ್ನು ಹೊಗಳಿ ಹೊಗಳಿ ಉಂಡೆ. ಮಗಳು ನಮ್ಮಿಬ್ಬರ ಮುಖವನ್ನೂ ನೋಡಿ ನೋಡಿ ಹೆದರಿ, ಶಾಲೆಗೇ ಹೋಗದೆ ತಾಯಿಯ ಸೆರಗು ಹಿಡಿದು ಕೂತುಬಿಟ್ಟಳು. ಅಪ್ಪ ಅವ್ವ ನೆಂಟರ ಹಾಗೆ ಯಾಕೆ ಮಾತಾಡುತ್ತಾರೆ ಎಂದು ಅವಳಿಗೆ ದಿಗಿಲು.

ಈ ಸೌಜನ್ಯ ಹೆಚ್ಚು ದಿನ ಬಾಳಲಿಲ್ಲ. ಒಂದು ಸಂಜೆ ನಾನು ಭಾವನ ಮಾತೆತ್ತಿದೆ, ಗಂಗೆಯ ದನಿ ಏರಿತು. ನಡುವೆ ಥಟ್ಟನೆ ನಿಲ್ಲಿಸಿ, ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದಳು: "ನಾ ಎಲ್ಲಿಗೂ ಹೋಲೆ. ಇಲ್ಲೇ ಇದ್ದ್ ಜಗಳ ಮಾಡ್ನೆ."

ಲೀಲಾ ನನ್ನ ಕಡೆ ನೋಡಿದಳು. ಅವ್ವ ಹೋಗುವುದಿಲ್ಲ, ಜಗಳವಾಡಿದರೂ ಇಲ್ಲೇ ಇದ್ದು ಆಡುತ್ತಾಳೆ, ನಾನೂ ಕಳಿಸುವುದಿಲ್ಲ ಎಂದೆ. ಆಮೇಲೆ ಗಂಡಹೆಂಡಿರು ಉಳಿದ ಜಗಳವನ್ನು ಸಾವಕಾಶವಾಗಿ ಮುಗಿಸಿ, ಅವಳ ಎದುರಿಗೇ ರಾಜಿಯಾಗಿ, ಒಟ್ಟಿಗೆ ಉಂಡೆವು. ತವರಿನ ಮಾತು ಮತ್ತೆ ಜಗಳದಲ್ಲಿ ಬರಲಿಲ್ಲ.

ಈಗ ನಾನು ಎಷ್ಟು ಗುಡುಗಿದರೂ ಮಗಳು ತಲೆಯೆತ್ತುವುದಿಲ್ಲ. ಮಗ್ಗಿ ತಪ್ಪುತ್ತದೆ, ಸ್ವಲ್ಪ ಮೆಲ್ಲಗೆ ಬೈಯಿರಿ ಎನ್ನುತ್ತಾಳೆ. ಇದು ಬಹಳ ಒಳ್ಳೆಯ ಲಕ್ಷಣವೆಂದು ಮೇಷ್ಟ್ರು ಹೇಳುತ್ತಾರೆ. ಇರಬಹುದು. ಆದರೆ ಒಬ್ಬ ತಂದೆ ಇಷ್ಟು ಕಷ್ಟಪಟ್ಟು ಕೋಪಿಸಿಕೊಂಡಾಗ ಮನೆಯವರು ಹೆದರಿದಂತೆ ನಟಿಸಲೂ ಬಾರದೇ?