ನಾಲ್ಕನೇ ತುಂಡಿಗೆ ಗುದ್ದು

ಗಡಿಯಾರ ರಿಪೇರಿಯವನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಇಂಗ್ಲಿಷ್ ಹುಚ್ಚು ಹಿಡಿದಿದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹುಚ್ಚೇನೋ ನಿಜ, ಇಂಗ್ಲಿಷಿನದಲ್ಲ. ಸಂಜೆ ತರಗತಿಯ ಕೊನೆಯ ಬೆಂಚಿನಲ್ಲಿ ಅವನ ಪಕ್ಕ ಒಬ್ಬಳು ನರ್ಸು ಕೂರುತ್ತಿದ್ದಳು. ಇಬ್ಬರೂ ಒಟ್ಟಿಗೆ ಎರಡು ಸಲ ಫೇಲಾಗಿದ್ದರು. ಅವಳ ಜೊತೆ ಫೇಲಾಗುವಷ್ಟು ಸುಖ ಅವನಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಈ ಸಲ ಮಾತ್ರ ಅವಳು ಒಂದು ದಿನವೂ ಹೋಂವರ್ಕ್ ತಪ್ಪಿಸಿರಲಿಲ್ಲ; ಪಾಸಾಗುವುದು ಖಚಿತವಿತ್ತು. ಪಾಸಾದವರಿಗೆ ಮೇಲಿನ ತರಗತಿ, ಅದೂ ಬೆಳಗ್ಗೆ ಆರಕ್ಕೆ. ಅವಳಿಲ್ಲದ ಬೆಂಚು ಅವನಿಗೆ ಬೇಡವಾಗಿತ್ತು. ಹೇಗಾದರೂ ತಾನೂ ಪಾಸಾಗಬೇಕು. ಉಚ್ಚಾರಣೆಯ ಪರೀಕ್ಷೆ ಇವತ್ತೇ ಸಂಜೆ. ಪದ ‘ರೆಸ್ಪಾನ್ಸಿಬಿಲಿಟಿ’. ಮೇಷ್ಟ್ರ ಪದ್ಧತಿಯಂತೆ ಅದನ್ನು ರೆ-ಸ್ಪಾನ್-ಸಿ-ಬಿ-ಲಿ-ಟಿ ಎಂದು ಆರು ತುಂಡು ಮಾಡಿ, ತುಂಡಿಗೊಮ್ಮೆ ಮೇಜು ತಟ್ಟುತ್ತಾ, ಒತ್ತು ಬೀಳುವ ತುಂಡಿಗೆ ಗುದ್ದಬೇಕು. ಮೇಷ್ಟ್ರ ಡಸ್ಟರು ನಾಲ್ಕನೆಯದಕ್ಕೆ ಬಡಿದದ್ದು ಅವನಿಗೆ ನೆನಪಿತ್ತು.

ಬೆಳಗ್ಗೆ ಅಂಗಡಿಯಲ್ಲಿ ಗುದ್ದಿದ ಮೊದಲ ಗುದ್ದಿಗೇ, ಬಿಚ್ಚಿಟ್ಟಿದ್ದ ಕೈಗಡಿಯಾರದ ಚಕ್ರಗಳು ಕಪ್ಪೆಮರಿಗಳಂತೆ ಹಾರಿ ಮೇಜಿನಡಿ ಸೇರಿದವು. ಸದ್ದಿಗೆ ಪಕ್ಕದ ಕ್ಷೌರಿಕ ಓಡಿ ಬಂದು, ವಿಷಯ ತಿಳಿದು, ಗುದ್ದು ಮೊದಲನೆಯದಕ್ಕೆ ಎಂದ. ಹಿಂದೆಯೇ ಬಂದ ಆಚೆ ಅಂಗಡಿಯ ಇಸ್ತ್ರಿಯವನು ಕೊನೆಯದಕ್ಕೆ ಎಂದು ಹಟ ಹಿಡಿದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ಸೋಪಿನ ನೊರೆಯ ಸಮೇತ ಬಂದು ಮೂರನೆಯದಕ್ಕೆ ಎಂದ. ಮೂವರೂ ಗುದ್ದಿ ತೋರಿಸುವಷ್ಟರಲ್ಲಿ ಮೇಜಿನ ಗಾಜು ಎರಡು ಹೋಳಾಯಿತು. ಆಚೆಯಿಂದ ಯಾರದೋ ಪ್ಯಾಂಟು ಸುಟ್ಟ ವಾಸನೆ ಬಂದ ಮೇಲೆಯೇ ಸಭೆ ಚದುರಿದ್ದು. ಅವನು ಚಕ್ರಗಳ ಆಸೆ ಬಿಟ್ಟು, ಸಂಜೆಯವರೆಗೂ ತನ್ನ ತೊಡೆಗೇ ಗುದ್ದಿಕೊಂಡ.

ಮೇಷ್ಟ್ರು ಒಬ್ಬೊಬ್ಬರನ್ನೇ ಒಳಗೆ ಕರೆದರು. ನರ್ಸು ಮೊದಲೇ ಹೋಗಿ ಬಂದಳು. ಕೊನೆಗೆ ಹೋದ ಅವನು ನಾಲ್ಕನೆಯದಕ್ಕೆ ಸರಿಯಾಗಿ ಗುದ್ದಿ, ನೆಲಕ್ಕೆ ಕಾಲು ತಾಗದವನಂತೆ ಹೊರಗೆ ಬಂದ.

“ಪಾಸಾದೆ. ಬೆಳಗ್ಗೆ ಒಟ್ಟಿಗೇ ಬರಬಹುದಲ್ವಾ?” ಎಂದು ನರ್ಸನ್ನು ಕೇಳಿದ.

ಅವಳ ಮುಖ ಬಾಡಿತು. “ನಾಲ್ಕನೇದು ಅಂತ ನಂಗೂ ಗೊತ್ತಿತ್ತು. ಬೇಕಂತ್ಲೇ ಎರಡನೇದಕ್ಕೆ ಗುದ್ದಿ ಬಂದೆ,” ಎಂದಳು. “ನೀವು ಈ ಸಲಾನೂ ಫೇಲಾಗ್ತೀರ ಅಂತ ನಂಬ್ಕೊಂಡಿದ್ದೆ.”

ಅವನು ಒಂದೇ ಉಸಿರಿಗೆ ಒಳಗೆ ಓಡಿ, ತನಗೇನೂ ಬರುವುದಿಲ್ಲ, ಫೇಲು ಮಾಡಿಬಿಡಿ ಎಂದು ಅಂಗಲಾಚಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, “ಎಲ್ಲಿ, ಇನ್ನೊಂದ್ಸಲ ಹೇಳಿ,” ಎಂದರು.

ಎರಡನೆಯದಕ್ಕೆ, ಎರಡನೆಯದಕ್ಕೆ ಎಂದು ಮನಸ್ಸಿನಲ್ಲೇ ಜಪಿಸುತ್ತಾ ಅವನು ಶುರುಮಾಡಿದ. ಬಾಗಿಲಲ್ಲಿ ನರ್ಸು ಬಂದು ನಿಂತಿದ್ದಳು. ಬೆಳಗಿನಿಂದ ಪಳಗಿದ ಕೈ ಒಂದು, ಎರಡು, ಮೂರು ಎಂದು ಮೆಲ್ಲಗೆ ತಟ್ಟಿ, ನಾಲ್ಕನೆಯದಕ್ಕೆ ಮೇಜು ಅದುರುವಂತೆ ಗುದ್ದಿತು.